ಉಡಾಕ ಏನ್ರಿ, ಕೊಡಾಕ ಏನ್ರಿ?

ಹೊಲಿಸದ ಖಣ, ಹಾಕದ ಟೊಪಗಿ ಮನಿಯಿಂದ ಮನಿಗೆ ತಿರಗತಾವ

ಗೋಕಾಕ ಇರಲಿ, ಮೂಡಲಗಿ ಇರಲಿ, ಹುಕ್ಕೇರಿ ಇರಲಿ, ಮದುವೆ ಹಂಗಾಮಿನಲ್ಲಿ ಅರಿವೆ ಅಂಗಡಿಯ ಗಾದಿಯ ಮುಂದೆ ಕುಳಿತ ಗಿರಾಕಿಗೆ ಸಾವಕಾರರು ಹಾಕುವ ಮೊದಲ ಪ್ರಶ್ನೆ ಒಂದೇ. "ಉಡಾಕ ಏನ್ರಿ, ಕೊಡಾಕ ಏನ್ರಿ?"

"ಉಡಾಕ್ರಿ" ಅಂದರೆ ಮೇಲಿನ ಕಪಾಟು ತೆರೆಯುತ್ತದೆ. ಸೀರೆಯ ಸೆರಗು ಹರವಿ ತೋರಿಸುತ್ತಾರೆ. ಬಣ್ಣ ಹೋಗುವದಿಲ್ಲವೆಂದು ಖಾತ್ರಿ ಕೊಡುತ್ತಾರೆ. ಗಿರಾಕಿ ದೊಡ್ಡದಿದ್ದರೆ ಚಹಾ ಕೂಡ ಬರುತ್ತದೆ. "ಕೊಡಾಕ್ರಿ" ಅಂದರೆ ಕೆಳಗಿನ ಕಟ್ಟು ಹೊರಬೀಳುತ್ತದೆ. ಡಜನ್ ಲೆಕ್ಕದ ಟೊಪಗಿ, ಡಜನ್ ಲೆಕ್ಕದ ಟಾವೆಲ್, ನೂರರ ಲೆಕ್ಕದ ಜಂಪರ್ ಪೀಸು. ಅಲ್ಲಿ ಬಣ್ಣ ಯಾರೂ ಕೇಳುವದಿಲ್ಲ. ಅಳತಿ ಯಾರೂ ನೋಡುವದಿಲ್ಲ. ಕೇಳುವ ಮಾತು ಒಂದೇ: "ಇದಕ್ಕಿಂತ ಕಡಿಮಿದು ಇಲ್ಲೇನ್ರಿ?"

ಮೇಲಿನ ಕಪಾಟಿಗೂ ಕೆಳಗಿನ ಕಟ್ಟಿಗೂ ನಡುವೆ ಇರುವದು ಮೂರು ಮೊಳದ ಅಂತರ. ಆದರೆ ಈ ಸೀಮೆಯ ಉಡುಗೆ-ತೊಡುಗೆಯ, ಮಾನ-ಮರ್ಯಾದೆಯ ನೂರು ವರ್ಷದ ಕಥೆ ಅದರೊಳಗೆ ಅಡಗಿದೆ. ಒಂದು ಕಾಲಕ್ಕೆ ಉಡುವ ಅರಿವೆಯೂ ಕೊಡುವ ಅರಿವೆಯೂ ಒಂದೇ ಆಗಿತ್ತು. ಈಗ ಉಡುವದೇ ಬೇರೆ, ಕೊಡುವದೇ ಬೇರೆ. ಇದು ಹೇಗಾಯಿತು? ಇದರಿಂದ ಯಾರಿಗೆ ಲಾಭ, ಯಾರಿಗೆ ಲುಕ್ಸಾನು?

ತಲೆ ನೋಡಿ ಮನುಷ್ಯನ ಗುರುತು

ಹಳೆಯ ಕಾಲದ ಸಂತೆಯಲ್ಲಿ ಒಬ್ಬರಿಗೊಬ್ಬರು ಹೆಸರು ಕೇಳಬೇಕಾಗಿರಲಿಲ್ಲ. ತಲೆ ನೋಡಿದರೆ ಸಾಕಿತ್ತು. ಮಾರುಗಟ್ಟಲೆ ಉದ್ದದ ಪಟಕಾ ಸುತ್ತಿ, ಧೋತರದ ಕಚ್ಚೆ ಬಿಗಿದು, ಹೆಗಲಿಗೆ ಕಂಬಳಿ ಹಾಕಿ ಬಂದವನು ಒಕ್ಕಲಿಗ. ಕರಿ ಕಂಬಳಿಯ ಕೊಪ್ಪೆ ಹಾಕಿ ಕೋಲು ಹಿಡಿದು ನಿಂತವನು ಕುರಿಗಾರ. ಧೋತರದ ಮೇಲೆ ಕೋಟು, ತಲೆಗೆ ಕರಿ ಟೊಪಗಿ ಇದ್ದರೆ ಒಂದೋ ಶಾಲೆಯ ಮಾಸ್ತರರು, ಇಲ್ಲವೆ ಅಡತಿ ಅಂಗಡಿಯ ದಿವಾನಜಿ. ಬರಿತಲೆಯಲ್ಲಿ ಹಿರಿಯರ ಮುಂದೆ ನಿಲ್ಲುವದು ಮರ್ಯಾದೆಯಲ್ಲ. ಬರಿತಲೆ ಅಂದರೆ ಮನೆಯಲ್ಲಿ ಸೂತಕವಾಗಿದೆ ಎಂದೇ ಜನ ತಿಳಿಯುತ್ತಿದ್ದರು.

ಹೆಣ್ಣುಮಕ್ಕಳದೂ ಹಾಗೆಯೇ. ಇಲಕಲ್ಲ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ. ಹೊಲದ ಕೆಲಸಕ್ಕೆ ಕಚ್ಚೆ ಹಾಕಿದ ಸೀರೆ. ಸೆರಗು ತಲೆಯ ಮೇಲೆ. ಹಸಿರು ಸೀರೆ ಯಾವಾಗ ಉಡಬೇಕು, ಯಾರು ಯಾವ ಬಣ್ಣ ಬಿಡಬೇಕು, ಎಲ್ಲಕ್ಕೂ ಕಟ್ಟುಪಾಡು ಇತ್ತು.

ಇದರಲ್ಲಿ ಒಂದು ಮಜಾ ಇದೆ. ಹುಕ್ಕೇರಿ ತಾಲೂಕಿನ ಸಂಕೇಶ್ವರದಿಂದ ಗಡಹಿಂಗ್ಲಜ ಕಡೆಯ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆ ರಾಜ್ಯ ಬದಲಾಗುತ್ತದೆ, ಅಂಗಡಿ ಪಾಟಿಯ ಭಾಷೆ ಬದಲಾಗುತ್ತದೆ. ಹಿರಿಯರ ತಲೆಯ ಮೇಲಿನ ಬಿಳಿ ಟೊಪಗಿ ಮಾತ್ರ ಬದಲಾಗುವದಿಲ್ಲ. ಅಜ್ಜಿಯ ಸೀರೆಯೂ ಬದಲಾಗುವದಿಲ್ಲ. ಇತ್ತ ಅದು ಇಲಕಲ್ಲ, ಅತ್ತ ಅದು ಇರಕಲ್, ಅಷ್ಟೇ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿಗೆರೆ ಬಿತ್ತು. ಅರಿವೆಯ ಮೇಲೆ ಆ ಗೆರೆ ಬೀಳಲಿಲ್ಲ.

ಆ ಬಿಳಿ ಟೊಪಗಿಗೂ ಒಂದು ಚರಿತ್ರೆ ಇದೆ. 1924ರ ಡಿಸೆಂಬರದಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಮಹಾತ್ಮಾ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಏಕಮೇವ ಅಧಿವೇಶನ ಅದು. ಅದರ ಹಿಂದೆ ದುಡಿದವರು ಹುದಲಿಯ ಗಂಗಾಧರರಾವ ದೇಶಪಾಂಡೆಯವರು. ಚರಕ, ಖಾದಿ ಈ ಭಾಗದ ಹಳ್ಳಿಹಳ್ಳಿಗೆ ಹಬ್ಬಿದ್ದು ಆಗ. 1937ರಲ್ಲಿ ಗಾಂಧೀಜಿ ಹುದಲಿಗೇ ಬಂದು ಉಳಿದರು. ಆ ಕಾಲಕ್ಕೆ ಸರಕಾರಿ ನೌಕರ ಬಿಳಿ ಟೊಪಗಿ ಹಾಕಿದರೆ ನೌಕರಿಗೇ ಕುತ್ತು. ಅಂಥ ಟೊಪಗಿ ತಲೆಗೆ ಇಡುವದೆಂದರೆ ತಾನು ಯಾರ ಕಡೆ ಎಂದು ಊರಿಗೆಲ್ಲ ಸಾರಿ ಹೇಳಿದಂತೆ. ಅದು ಅರಿವೆಯ ತುಂಡಲ್ಲ, ಮಾತು.

ಮಿಲ್ಲಿನ ಭೋಂಗಾ, ಶಾಲೆಯ ಗಂಟೆ

ಬದಲಾವಣೆ ಒಂದೇ ದಿನ ಬರಲಿಲ್ಲ. 1887ರಲ್ಲಿ ಗೋಕಾಕ ಫಾಲ್ಸದಲ್ಲಿ, ಘಟಪ್ರಭೆಯ ನೀರು 52 ಮೀಟರ್ ಕೆಳಗೆ ಧುಮುಕುವ ಜಾಗೆಯಲ್ಲಿ, ಆ ನೀರಿನ ಬಲದ ಮೇಲೆಯೇ ನೂಲಿನ ಗಿರಣಿ ಸುರುವಾಯಿತು. ಸುತ್ತಲಿನ ಹಳ್ಳಿಯ ಜನ ಭೋಂಗಾ ಕೂಗಿದ ಹೊತ್ತಿಗೆ ಕೆಲಸಕ್ಕೆ ಹಾಜರಾಗುವದನ್ನು ಕಲಿತರು. ತಿರುಗುವ ಪಟ್ಟಾ, ಗಾಲಿಗಳ ನಡುವೆ ಧೋತರದ ಚುಂಗು ಇಳಿಬಿಟ್ಟು ಕೆಲಸ ಮಾಡಲಾಗದು. ಚಡ್ಡಿ, ಪಾಯಿಜಾಮಾ ಬಂದವು.

ಮುಂದೆ ಶಾಲೆ, ಮಿಲಿಟರಿ, ಕಚೇರಿ, ಬಸ್ಸು. ಒಂದೊಂದೂ ಧೋತರದ ಒಂದೊಂದು ಮೊಳ ಕತ್ತರಿಸಿತು. ಟೆರಿಲಿನ್, ಟೆರಿಕಾಟ್ ಬಂದ ಮೇಲಂತೂ ಕೇಳುವದೇ ಬೇಡ. ಇಸ್ತ್ರಿ ಬೇಡ, ಗಂಜಿ ಬೇಡ, ಸಂಜೆಗೆ ಒಗೆದು ಹಾಕಿದರೆ ಬೆಳಿಗ್ಗೆ ಒಣಗಿರುತ್ತದೆ. ಬಿಳಿ ಧೋತರ ಕಬ್ಬಿನ ಗದ್ದೆಯ ಕೆಸರಿಗೆ, ಬಸ್ಸಿನ ಸೀಟಿನ ಎಣ್ಣೆಗೆ ತಾಳುವದಿಲ್ಲ. ಮಗ ಪ್ಯಾಂಟ್ ಹಾಕಿದ, ಅಪ್ಪ ಪಾಯಿಜಾಮಾ ಹಾಕಿದ, ಅಜ್ಜ ಮಾತ್ರ ಧೋತರದಲ್ಲೇ ಉಳಿದ. ಮೂರು ತಲೆಮಾರು ಒಂದೇ ಕಟ್ಟೆಯ ಮೇಲೆ ಕೂತರೆ ಉಡುಗೆಯ ಚರಿತ್ರೆ ತಾನೇ ಕಾಣುತ್ತಿತ್ತು.

ಗಂಡಸು ಮೊದಲು ಬಿಟ್ಟ, ಹೆಂಗಸು ತಡವಾಗಿ ಬಿಟ್ಟಳು. ಕಾರಣ ದೊಡ್ಡದೇನಲ್ಲ. ಪೇಟೆಗೆ, ಗಿರಣಿಗೆ, ಕಾಲೇಜಿಗೆ ಮೊದಲು ಹೋದವನು ಅವನು. ಅವಳು ಮನೆ, ಹೊಲ ಎಂದು ಉಳಿದಳು, ಅವಳೊಂದಿಗೆ ಸೀರೆಯೂ ಉಳಿಯಿತು. ಅವಳೂ ಬಸ್ಸು ಹತ್ತಿದ ಮೇಲೆ ಕಚ್ಚೆ ಹೋಯಿತು, ಮಿಲ್ಲಿನ ಹಗುರ ಸೀರೆ ಬಂತು, ಆಮೇಲೆ ಚೂಡಿದಾರ ಬಂತು. ಈಗ ಹಳ್ಳಿಯ ಓಣಿಯಲ್ಲಿ ಬೆಳಗಿನ ಉಡುಗೆ ಅಂದರೆ ನೈಟಿ, ಅದರ ಮೇಲೆ ಒಂದು ಟಾವೆಲ್. ಆ ಟಾವೆಲ್ ಎಲ್ಲಿಯದು? ಯಾವುದೋ ಮದುವೆಯಲ್ಲಿ ಮನೆಯ ಯಜಮಾನನಿಗೆ ಬಂದದ್ದು!

ಪಟಕಾದ ಇನ್ನೊಂದು ಮಗ್ಗಲು

ಹಳೆಯದೆಲ್ಲ ಚಲೋ ಇತ್ತು, ಹೊಸದರಿಂದ ಎಲ್ಲ ಕೆಟ್ಟಿತು ಎಂದು ಹಲುಬುವದು ಸುಲಭ. ಆದರೆ ಪಟಕಾ ಎಲ್ಲರ ತಲೆಗೂ ಇರಲಿಲ್ಲ ಎಂಬದನ್ನು ಮರೆಯಬಾರದು. ಯಾರು ಯಾವ ಅರಿವೆ ಉಡಬೇಕು, ಯಾರು ದೊಡ್ಡವರ ಮನೆಯ ಮುಂದೆ ಕಾಲಾಗಿನ ಚಪ್ಪಲಿ ಕೈಯಾಗ ಹಿಡಿದು ನಡೆಯಬೇಕು, ಎಲ್ಲವನ್ನೂ ಜಾತಿ ಹೇಳುತ್ತಿತ್ತು. ಅರಿವೆ ಗುರುತು ಹೇಳುತ್ತಿತ್ತು ನಿಜ. ಬಹಳ ಜನರಿಗೆ ಆ ಗುರುತೇ ಕೊರಳಿನ ಉರುಲಾಗಿತ್ತು.

ಈ ಗಂಟನ್ನು ಸರಿಯಾಗಿ ಹಿಡಿದವರು ಡಾ. ಬಾಬಾಸಾಹೇಬ ಅಂಬೇಡ್ಕರರು. 1925ರಲ್ಲಿ ಇದೇ ಜಿಲ್ಲೆಯ ನಿಪ್ಪಾಣಿಯಲ್ಲಿ ದಲಿತರ ಪರಿಷತ್ತಿಗೆ ಅವರು ಬಂದಿದ್ದರು. ಎರಡು ವರ್ಷದ ಮೇಲೆ, 1927ರ ಡಿಸೆಂಬರದಲ್ಲಿ, ಮಹಾಡದಲ್ಲಿ ಸೇರಿದ್ದ ಹೆಣ್ಣುಮಕ್ಕಳಿಗೆ ಅವರು ಹೇಳಿದ್ದು ಉಡುಗೆಯ ವಿಷಯವನ್ನೇ. ಜಾತಿಯ ಗುರುತು ಹೇಳುವ ರೀತಿಯ ಸೀರೆ ಉಡುವದು ಬಿಡಿರಿ, ಗುರುತು ಹೇಳುವ ಭಾರದ ಒಡವೆ ತೆಗೆಯಿರಿ, ಉಳಿದವರಂತೆ ಸೀರೆ ಉಡಿರಿ, ಶುಚಿಯಾಗಿರಿ ಎಂದು. ಆ ಮಾತಿನ ಹಿಂದಿನ ಅರ್ಥ ಸಣ್ಣದಲ್ಲ. ತಾನು ಯಾರೆಂದು ಹೇಳುವ ಹಕ್ಕು ಉಟ್ಟವರದ್ದು, ನೋಡುವವರದ್ದಲ್ಲ.

ಆದ್ದರಿಂದ ಪ್ಯಾಂಟು-ಶರ್ಟು ಬಂದದ್ದು ಬರೀ ಷೋಕಿ ಅಲ್ಲ. ಮೂಡಲಗಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನು ಯಾವ ಓಣಿಯವನೆಂದು ಅವನ ಅರಿವೆ ನೋಡಿ ಹೇಳಲು ಇಂದು ಬರುವದಿಲ್ಲ. ಇದು ಸೋಲಲ್ಲ, ಗೆಲುವು. "ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂಬ ಗಾದೆ ಹಳೆಯದಾಯಿತು. ಈಗಿನ ಹುಡುಗರಿಗೆ ನೋಟವೂ ತಮ್ಮಿಚ್ಛೆಯೇ.

ಹಾಕುವದು ಹೋಯಿತು, ಮಾಡುವದು ಉಳಿಯಿತು

ಉಡುವ ಅರಿವೆ ಹೀಗೆ ಬದಲಾಯಿತು. ಕೊಡುವ ಅರಿವೆ ಮಾತ್ರ ನಿಂತಲ್ಲೇ ನಿಂತಿತು.

ಈ ಭಾಗದಲ್ಲಿ ಅರಿವೆ ಉಡುವದಕ್ಕಿಂತ ಕೊಡುವದರಲ್ಲಿ ಮರ್ಯಾದೆ ಹೆಚ್ಚು. ಅದಕ್ಕೆ ಆಯೇರಿ ಎಂದು ಹೆಸರು. ಮದುವೆಯಲ್ಲಿ ಸೋದರಮಾವನಿಗೆ ಅರಿವೆ, ಬೀಗರಿಗೆ ಅರಿವೆ, ಮನೆ ಕಟ್ಟಿದರೆ ಗೌಂಡಿಗೆ ಅರಿವೆ. ಬಸುರಿ ಹೆಣ್ಣುಮಗಳಿಗೆ ತವರಿನವರು ಮಾಡುವ ಸಮಾರಂಭದ ಹೆಸರೇ ಕುಬಸ! ಹಸಿರು ಸೀರೆ, ಹಸಿರು ಖಣದ ಕುಪ್ಪಸ ತೊಡಿಸುವದರಿಂದ ಬಂದ ಹೆಸರು. ಒಂದು ಅರಿವೆಯ ಹೆಸರನ್ನೇ ಸಮಾರಂಭಕ್ಕೆ ಇಟ್ಟ ಸೀಮೆ ಇದು. ಕುಲಗೋಡ ತಮ್ಮಣ್ಣನವರ ಊರಿನ ಸುತ್ತ ಶ್ರೀಕೃಷ್ಣ ಪಾರಿಜಾತದ ಆಟ ನಡೆದರೆ ಅಲ್ಲಿಯೂ ಮೆಚ್ಚಿದವರು ಕಲಾವಿದರಿಗೆ ಆಯೇರಿ ಮಾಡುತ್ತಿದ್ದರು.

ಆಯೇರಿ ಹುಟ್ಟಿದ್ದು ಒಳ್ಳೆಯ ಕಾರಣಕ್ಕೇ. ಮದುವೆ ಅಂದರೆ ಬಡವನಿಗೆ ಬೆಟ್ಟದಷ್ಟು ಖರ್ಚು. ಊರವರು, ನೆಂಟರು ಅರಿವೆಯನ್ನೋ ರೊಕ್ಕವನ್ನೋ ತಂದು ಕೈ ಹಚ್ಚುತ್ತಿದ್ದರು. ಮಂಟಪದಲ್ಲಿ ಒಬ್ಬರು ಯಾದಿ ಹಿಡಿದು ಕುಳಿತು ಯಾರದು ಎಷ್ಟು ಎಂದು ಬರೆಯುತ್ತಿದ್ದರು. ಅವರ ಮನೆಯ ಕಾರ್ಯಕ್ಕೆ ಇವರು ಮುಯ್ಯಿ ತೀರಿಸುತ್ತಿದ್ದರು. ಬ್ಯಾಂಕು ಇಲ್ಲದ ಕಾಲದ ಬ್ಯಾಂಕು ಅದು. ಕೊಟ್ಟ ಧೋತರ ಹೊಲಕ್ಕೆ ಹೋಗುತ್ತಿತ್ತು, ಕೊಟ್ಟ ಖಣ ಮುಂದಿನ ಹಬ್ಬಕ್ಕೆ ಕುಪ್ಪಸವಾಗುತ್ತಿತ್ತು. ಸೀರೆ ಹಳೆಯದಾದರೆ ಕೌದಿಯಾಗುತ್ತಿತ್ತು. ಒಂದು ನೂಲೂ ಹಾಳಾಗುತ್ತಿರಲಿಲ್ಲ.

ಈಗ ಏನಾಗಿದೆ? ಮದುವೆಯ ದಿನ ಮೈಕಿನಲ್ಲಿ ಹೆಸರು ಕೂಗುತ್ತಾರೆ. "ಕಾಕಾರ ಬರ್ರಿ, ಮಾಮಾರ ಬರ್ರಿ, ಪಂಚರು ಬರ್ರಿ." ಪ್ಯಾಂಟು-ಶರ್ಟಿನ ಕಾಕಾ ಬಂದು ನಿಲ್ಲುತ್ತಾರೆ. ತಲೆಗೆ ಒಂದು ಟೊಪಗಿ ಇಡುತ್ತಾರೆ, ಹೆಗಲಿಗೆ ಟಾವೆಲ್ ಹಾಕುತ್ತಾರೆ, ಕೈಗೆ ಕಾಯಿ ಕೊಡುತ್ತಾರೆ. ಫೋಟೋ ಆಯಿತು. ಕಾಕಾ ಕೆಳಗೆ ಇಳಿಯುವಷ್ಟರಲ್ಲಿ ಟೊಪಗಿ ತಲೆ ಬಿಟ್ಟು ಚೀಲ ಸೇರಿರುತ್ತದೆ. ಮನೆಗೆ ಹೋದ ಮೇಲೆ ಟ್ರಂಕು. ಮುಂದಿನ ತಿಂಗಳು ಇನ್ನೊಬ್ಬರ ಮದುವೆಗೆ ಅದೇ ಟೊಪಗಿ ಹೊರಡುತ್ತದೆ.

ಜಂಪರ್ ಪೀಸಿನ ಪಾಡು ಇನ್ನೂ ವಿಚಿತ್ರ. ಉಡಿ ತುಂಬಿದಲ್ಲಿ ಒಂದು, ಅರಿಷಿಣ-ಕುಂಕುಮಕ್ಕೆ ಕರೆದಲ್ಲಿ ಒಂದು, ಮನೆಯ ಶಾಂತಿಯಲ್ಲಿ ಒಂದು. ಯಾವ ಮನೆಯ ಟ್ರಂಕು ತೆರೆದರೂ ಹತ್ತಿಪ್ಪತ್ತು ಪೀಸು ಗಡಿಗೆ ಹಾಕಿ ಕೂತಿರುತ್ತವೆ. ಹೊಲಿಸಬಹುದಲ್ಲ ಎಂದರೆ ಹೆಣ್ಣುಮಕ್ಕಳು ನಗುತ್ತಾರೆ. "ಹೊಲಿಸೂದರ ರೊಕ್ಕದಾಗ ಇಂಥಾವು ನಾಕು ಬರ್ತಾವ್ರಿ. ಮತ್ತ ತೋಳಿಗೆ ಅರಿಬಿ ಸಾಲೂದುಲ್ಲ." ಅಂದರೆ ಹೊಲಿಸಲೆಂದು ಅದನ್ನು ಮಾಡಿಯೇ ಇಲ್ಲ. ಕೊಡಲೆಂದೇ ಮಾಡಿದ್ದು. ಅರಿವೆಯ ರೂಪದ ನಾಣ್ಯ ಅದು. ಯಾರ ಮೈಯನ್ನೂ ಮುಟ್ಟದೆ ಮನೆಯಿಂದ ಮನೆಗೆ ತಿರುಗುತ್ತ, ಕೊನೆಗೊಂದು ದಿನ ಮಡಿಕೆಯಲ್ಲೇ ಹರಿದು ಹೋಗುತ್ತದೆ. ತಾನು ಕೊಟ್ಟದ್ದೇ ವರ್ಷದ ಮೇಲೆ ತನ್ನ ಮನೆಗೆ ತಿರುಗಿ ಬಂದದ್ದನ್ನು ಗುರುತು ಹಿಡಿದು ನಕ್ಕ ವೈನಿಯವರು ಊರಿಗೆ ಹತ್ತು ಮಂದಿ ಸಿಗುತ್ತಾರೆ.

ಆದರೂ ಬಿಡುವ ಧೈರ್ಯ ಯಾರಿಗೂ ಇಲ್ಲ. ಟೊಪಗಿ ಯಾರಿಗೂ ಬೇಡ. ಆದರೆ ತನಗೆ ಟೊಪಗಿ ಮಾಡುವದು ಮರೆತರೋ, ಮುಗಿಯಿತು ಕಥೆ! "ನಮಗ ಕರದು ಅವಮಾನ ಮಾಡಿದ್ರು" ಎಂದು ಊಟ ಬಿಟ್ಟು ಎದ್ದವರು, ವರ್ಷಗಟ್ಟಲೆ ಮಾತು ಬಿಟ್ಟವರು ಎಷ್ಟಿಲ್ಲ? ಬೇಕಾದದ್ದು ಅರಿವೆಯಲ್ಲ, ಹೆಸರು ಕೂಗುವದು. ಹತ್ತು ಮಂದಿಯ ಮುಂದೆ ಇವನು ನಮ್ಮವನು ಎಂದು ಹೇಳಿಸಿಕೊಳ್ಳುವದು. ಆ ಆಸೆ ತಪ್ಪೇನಲ್ಲ. ಮನುಷ್ಯನಿಗೆ ಅನ್ನದಷ್ಟೇ ಬೇಕಾದದ್ದು ಅದು. ಅದಕ್ಕೆ ದಾರಿ ಟೊಪಗಿಯೊಂದೇ ಏಕಾಗಬೇಕು ಎಂಬದು ಪ್ರಶ್ನೆ.

ಒಂದು ಲೆಕ್ಕ

ವ್ಯಾಪಾರಿಗಳು ಲೆಕ್ಕದ ಜನ. ಒಂದು ಲೆಕ್ಕ ಹಾಕಿ ನೋಡಿರಿ. ಒಂದು ಸಾಧಾರಣ ಮದುವೆ. ಗಂಡಸರು 200 ಮಂದಿಗೆ ಟೊಪಗಿ-ಟಾವೆಲ್, ಜೋಡಿಗೆ 60 ರೂಪಾಯಿ ಹಿಡಿದರೂ 12,000. ಹೆಂಗಸರು 300 ಮಂದಿಗೆ ಜಂಪರ್ ಪೀಸು, ಒಂದಕ್ಕೆ 40 ಹಿಡಿದರೂ ಮತ್ತೆ 12,000. ಒಟ್ಟು 24,000. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕದ ದಿನಗೂಲಿ 2025-26ರಲ್ಲಿ 370 ರೂಪಾಯಿ ಇತ್ತು. ಅಂದರೆ ಒಬ್ಬ ಕೂಲಿಕಾರ 65 ದಿನ ಮಣ್ಣು ಹೊತ್ತ ದುಡಿಮೆ ಇದು. ಅದು ಯಾರೂ ಹಾಕದ ಟೊಪಗಿ, ಯಾರೂ ಹೊಲಿಸದ ಪೀಸಿಗೆ ಹೋಯಿತು. ನಡುಮನೆಯ ಬೀಗರ ಸೀರೆ, ಅಳಿಯನ ಅರಿವೆ ಇದರಲ್ಲಿ ಸೇರಿಲ್ಲ.

ಉಳ್ಳವರ ಮನೆಗೆ ಇದು ಕಿಸೆಯ ಚಿಲ್ಲರೆ. ಬಡವರ ಮನೆಗೆ ಸಾಲದ ಮೊದಲ ಕಂತು. ಉಳ್ಳವರು ಮಾಡುವದನ್ನು ನೋಡಿ ಬಡವರು ಮಾಡುತ್ತಾರೆ. ಮಾಡದಿದ್ದರೆ ಜನ ಅನ್ನುತ್ತಾರೆ ಎಂಬ ಅಂಜಿಕೆ.

ಯಾರಿಗೆ ಇಲ್ಲ?

ರೊಕ್ಕದ ಲೆಕ್ಕಕ್ಕಿಂತ ಕಹಿಯಾದ ಲೆಕ್ಕ ಇನ್ನೊಂದಿದೆ. ಐದುನೂರು ಮಂದಿಗೆ ಅರಿವೆ ಕೊಡುವ ಮನೆಯಲ್ಲಿ ಒಬ್ಬರಿಗೆ ಕೊಡುವದಿಲ್ಲ. ಬೆಳಗಿನಿಂದ ಅಡಿಗೆಮನೆಯಲ್ಲಿ ನಿಂತು ಹೋಳಿಗೆ ಲಟ್ಟಿಸಿದ, ಮದುಮಗಳನ್ನು ಎತ್ತಿ ಆಡಿಸಿ ಬೆಳೆಸಿದ, ಗಂಡ ತೀರಿಕೊಂಡ ಅತ್ತೆಗೋ ದೊಡ್ಡವ್ವಗೋ ಉಡಿ ತುಂಬುವದಿಲ್ಲ. ಖಣ ಬಂದಾಗ ಅವರು ತಾವಾಗಿಯೇ ಒಳಗೆ ಸರಿಯುತ್ತಾರೆ. ಯಾರೂ ಹೋಗಿರೆಂದು ಹೇಳಬೇಕಾಗಿಲ್ಲ. ಅಷ್ಟು ಚೆನ್ನಾಗಿ ಕಲಿಸಲಾಗಿದೆ.

ಇದು ಬದಲಾಗದ ಕಲ್ಲಿನ ಬರಹವೇನಲ್ಲ. ಗಡಿಯಾಚೆ, ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನಲ್ಲಿ ಹೇರವಾಡ ಎಂಬ ಹಳ್ಳಿ ಇದೆ. 2022ರ ಮೇ ತಿಂಗಳಲ್ಲಿ ಅಲ್ಲಿಯ ಗ್ರಾಮ ಪಂಚಾಯತಿ ಒಂದು ಠರಾವು ಪಾಸು ಮಾಡಿತು. ಗಂಡ ಸತ್ತ ಹೆಣ್ಣುಮಗಳ ಬಳೆ ಒಡೆಯುವದು, ಕುಂಕುಮ ಅಳಿಸುವದು, ತಾಳಿ-ಕಾಲುಂಗುರ ತೆಗೆಯುವದು ಊರಿನಲ್ಲಿ ಬಂದ್ ಎಂದು. ಅದೇ ತಿಂಗಳು ಮಹಾರಾಷ್ಟ್ರ ಸರಕಾರ ಉಳಿದ ಪಂಚಾಯತಿಗಳೂ ಹೇರವಾಡದ ದಾರಿ ಹಿಡಿಯಲಿ ಎಂದು ಸುತ್ತೋಲೆ ಹೊರಡಿಸಿತು. ದೊಡ್ಡ ಪಟ್ಟಣವಲ್ಲ, ಇಲ್ಲಿಯಂಥದೇ ಕಬ್ಬಿನ ಸೀಮೆಯ ಹಳ್ಳಿ. ಟೊಪಗಿ, ಸೀರೆ, ಊಟ ಎಲ್ಲ ಗಡಿಯಾಚೆ-ಈಚೆ ಒಂದೇ ಇರುವಾಗ ಈ ಒಂದು ಠರಾವು ಮಾತ್ರ ಗಡಿ ದಾಟಬಾರದೆ?

ಠರಾವು ತನಕ ಹೋಗುವದೂ ಬೇಡ. ಕಾರ್ಯದ ಮನೆಯ ಹಿರಿಯಳೊಬ್ಬಳು "ಯವ್ವಾ, ನೀನೂ ಬಾ, ಉಡಿ ಹಿಡಿ" ಎಂದು ಕರೆದರೆ ಸಾಕು. ಆ ಒಂದು ಖಣಕ್ಕೆ ಉಳಿದ 300 ಪೀಸಿಗಿಲ್ಲದ ತೂಕ ಬರುತ್ತದೆ.

ಖರೇ ಖಣ ಎಲ್ಲಿದೆ?

ಇಷ್ಟೆಲ್ಲ ಖಣ ಕೊಡುವ ಸೀಮೆಯಲ್ಲಿ ಖರೇ ಖಣ ಎಷ್ಟು ಮಾರಾಟವಾಗುತ್ತದೆ ಎಂದು ಅಂಗಡಿಯವರನ್ನೇ ಕೇಳಬೇಕು. ಪಕ್ಕದ ಬಾಗಲಕೋಟ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಯುವ ಖಣಕ್ಕೆ ಮೈತುಂಬ ಸಣ್ಣ ಬುಟ್ಟಾ, ಬದಿಗೆ ಅಂಚು. ತೇರು, ಸೂಜಿ ಮಲ್ಲಿಗೆ ಎಂದು ಒಂದೊಂದು ನಮೂನೆಗೂ ಒಂದೊಂದು ಹೆಸರು. ಅದೇ ಜಿಲ್ಲೆಯ ಇಲಕಲ್ಲಿನ ಸೀರೆಯದು ಇನ್ನೊಂದು ಕುಶಲತೆ. ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಹೀಗೆ ಕೂಡಿಸಿದ ಕೆಂಪು ಸೆರಗಿಗೆ ತೋಪು ತೆನಿ ಸೆರಗು ಎನ್ನುತ್ತಾರೆ. ಒಂದೊಂದು ಸೀರೆಗೂ ಈ ಜೋಡಣೆ ಬೇರೆಯಾಗಿ ಆಗಬೇಕು. ಎರಡೂ ನೇಯ್ಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ.

ಖರೇದು ಯಾವುದು, ನಕಲಿ ಯಾವುದು? ಸೆರಗು ಸುರುವಾಗುವ ಜಾಗೆಯನ್ನು ಬೆಳಕಿಗೆ ಹಿಡಿದು ನೋಡಿರಿ. ಕೊಂಡಿಯ ಗೆರೆ ಕಂಡರೆ ಖರೇದು. ಒಡಲಿನ ಎಳೆಯೇ ಬಣ್ಣ ಬದಲಿಸಿ ಸೆರಗಿಗೆ ಹರಿದಿದ್ದರೆ ಅದು ಯಂತ್ರದ ಮಾಯೆ. ಕೈಮಗ್ಗದ ಮಾಲಿಗೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಚೀಟಿ ಇದೆ, ಕೇಳಿ ನೋಡಬಹುದು. ಕೆಲವು ಬಗೆಯ ಅರಿವೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕೇಂದ್ರದ ಕಾಯ್ದೆ 1985ರಲ್ಲೇ ಆಗಿದೆ. ಪವರ್‌ಲೂಮಿನ ಸೀರೆ ಮಾರುವದು ಪಾಪವಲ್ಲ. ರಬಕವಿ-ಬನಹಟ್ಟಿ ಕಡೆ ಅದರ ಮೇಲೂ ಸಾವಿರಾರು ಹೊಟ್ಟೆಗಳು ನಡೆಯುತ್ತವೆ. ಪವರ್‌ಲೂಮಿನದನ್ನು ಕೈಮಗ್ಗದ್ದೆಂದು ಹೇಳಿ ಮಾರುವದು ಮಾತ್ರ ಮೋಸ. ಅದು ಗಿರಾಕಿಗೂ ಮೋಸ, ನೇಕಾರನಿಗೂ ಮೋಸ.

ಇತ್ತಿತ್ತಲಾಗಿ ಕಾಲೇಜುಗಳಲ್ಲಿ ಒಂದು ಹೊಸ ಪದ್ಧತಿ ಬಂದಿದೆ. ವರ್ಷಕ್ಕೆ ಒಂದು ದಿನ ಹುಡುಗಿಯರು ಇಲಕಲ್ಲ ಸೀರೆ, ಹುಡುಗರು ಧೋತರ-ಪಟಕಾ. ಚಂದ ಕಾಣುತ್ತದೆ, ಸಂಶಯವಿಲ್ಲ. ಆದರೆ ಧೋತರ ಉಡಿಸಲಿಕ್ಕೆ ಓಣಿಯ ಅಜ್ಜನನ್ನು ಹುಡುಕಿಕೊಂಡು ಹೋಗಬೇಕು. ಒಂದು ದಿನ ಹಾಕಿ ಬಿಚ್ಚಿಟ್ಟದ್ದು ವೇಷ. ಮನಸ್ಸಿಗೆ ಬಂದಾಗ ಹಾಕಿ, ಒಗೆದು, ಮತ್ತೆ ಹಾಕಿದ್ದು ಉಡುಗೆ. ಕೊಲ್ಹಾಪುರಿ ಚಪ್ಪಲಿ ನೋಡಿರಿ. ಅಥಣಿ, ನಿಪ್ಪಾಣಿ ಕಡೆಯ ಕೈಗಳು ಹೊಲೆಯುವ ಈ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಸೇರಿದವು. 2025ರ ಜೂನದಲ್ಲಿ ಇಟಲಿಯ ಪ್ರಾಡಾ ಕಂಪನಿ ಅದರಂಥದೇ ಚಪ್ಪಲಿಯನ್ನು ಮಿಲಾನಿನ ಫ್ಯಾಷನ್ ಪ್ರದರ್ಶನದಲ್ಲಿ ಹುಟ್ಟಿದ ಊರಿನ ಹೆಸರಿಲ್ಲದೆ ತೋರಿಸಿ ಎಲ್ಲರಿಂದ ಬೈಸಿಕೊಂಡಿತು. ಆ ಚಪ್ಪಲಿ ಇಲ್ಲಿಯವರದು ಎಂದು ಹೇಳಲು ಸಾಧ್ಯವಾದದ್ದು ಏಕೆ? ಇಲ್ಲಿಯವರು ಇನ್ನೂ ಅದನ್ನು ಮೆಟ್ಟಿ ನಡೆಯುತ್ತಾರೆ, ಅದಕ್ಕೆ.

ಸರಕಾರ ಹೇಳಿದ್ದು

ಕೊಡುವ ಅರಿವೆಯ ಹುಚ್ಚು ಊರಿನ ಮದುವೆಗಷ್ಟೇ ಅಲ್ಲ, ಸರಕಾರದ ವೇದಿಕೆಗೂ ಹತ್ತಿತ್ತು. 2021ರ ಆಗಸ್ಟದಲ್ಲಿ, ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾಗಿದ್ದಾಗ, ಸರಕಾರಿ ಸಮಾರಂಭಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಬೇಡ, ಕೊಡುವದಾದರೆ ಕನ್ನಡ ಪುಸ್ತಕ ಕೊಡಿರಿ ಎಂದು ಸುತ್ತೋಲೆ ಹೊರಟಿತು. 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಯಾದ ಸಿದ್ಧರಾಮಯ್ಯನವರೂ ಹಾರ-ಶಾಲು ಸ್ವೀಕರಿಸುವದಿಲ್ಲ, ಪುಸ್ತಕ ಕೊಡಿರಿ ಎಂದರು. ಶಾಲು ಅಷ್ಟಕ್ಕೇ ನಿಂತಿಲ್ಲ, ಅದು ಬೇರೆ ಮಾತು! ಆದರೆ ಎರಡು ಪಕ್ಷದ ಇಬ್ಬರು ಮುಖ್ಯಮಂತ್ರಿಗಳು ಒಂದೇ ಮಾತು ಹೇಳಿದ್ದಾರೆಂದರೆ ಅದರಲ್ಲಿ ಏನೋ ಹುರುಳಿದೆ.

ಹಳ್ಳಿಗಳಲ್ಲಿಯೂ ಕೆಲವರು ಲಗ್ನಪತ್ರಿಕೆಯ ಕೆಳಗೆ "ಆಯೇರಿ ಸ್ವೀಕರಿಸಲಾಗುವದಿಲ್ಲ" ಎಂದು ಅಚ್ಚು ಹಾಕಿಸುತ್ತಾರೆ. ಒಳ್ಳೆಯದೇ. ಆದರೆ ತೆಗೆದುಕೊಳ್ಳುವದಿಲ್ಲ ಎಂದವರು ಕೊಡುವದನ್ನು ಬಿಟ್ಟಿರುವದಿಲ್ಲ. ಮೈಕು ಕೂಗುತ್ತಲೇ ಇರುತ್ತದೆ.

ಯಾದಿ ಬರೆಯುವಾಗ

ಹಾಗಾದರೆ ಆಯೇರಿಯೇ ಬೇಡವೇ? ಹಾಗೆಂದರೆ ಅಂಗಡಿಯವರು ಸಿಟ್ಟಾದಾರು, ಹಿರಿಯರೂ ಸಿಟ್ಟಾದಾರು. ಅರಿವೆ ಕೊಡುವದು ಈ ಮಣ್ಣಿನ ಚಲೋ ಗುಣ. ಕೆಟ್ಟದ್ದು ಅರಿವೆಯಲ್ಲದ ಅರಿವೆ ಕೊಡುವದು.

ಮಾಡಬಹುದಾದದ್ದು ಸರಳವಿದೆ. 200 ಮಂದಿಗೆ ಹಾಕದ ಟೊಪಗಿ ಮಾಡುವದರ ಬದಲು ಇಪ್ಪತ್ತು ಮಂದಿಗೆ ಹಾಕುವಂಥದ್ದು ಮಾಡಬಹುದು. ಧೋತರ ಉಡುವ ಅಜ್ಜನಿಗೆ ಧೋತರ, ಪ್ಯಾಂಟ್ ಹಾಕುವ ಮಾಮನಿಗೆ ಶರ್ಟಿನ ಅರಿವೆ. ಉಳಿದವರಿಗೆ ಮೈಕಿನಲ್ಲಿ ಹೆಸರು ಕೂಗಿ, ಕೈಮುಗಿದು, ಒಂದು ಕಾಯಿ ಕೊಟ್ಟರೆ ಮರ್ಯಾದೆಗೆ ಏನೂ ಕಡಿಮೆಯಿಲ್ಲ. 300 ಜಂಪರ್ ಪೀಸಿನ 12,000 ರೂಪಾಯಿಯಲ್ಲಿ ಹತ್ತಿರದ ಹೆಣ್ಣುಮಕ್ಕಳಿಗಷ್ಟೇ ತೋಳಿಗೆ ಸಾಲುವ ಖಣ ತರಬಹುದು. ಅದನ್ನು ಅವರು ಹೊಲಿಸುತ್ತಾರೆ. ಸಿಂಪಿಗರಿಗೆ ಕೆಲಸ, ನೇಕಾರರಿಗೆ ಕೂಲಿ, ಉಟ್ಟವರಿಗೆ ನೆನಪು.

ಅಂಗಡಿಯವರಿಗೂ ಇದರಲ್ಲಿ ಲುಕ್ಸಾನಿಲ್ಲ. ಡಜನ್ ಟೊಪಗಿಯಲ್ಲಿ ಸಿಗುವ ಲಾಭ ಎಷ್ಟೆಂದು ಅವರಿಗೇ ಗೊತ್ತು. ಮೇಲಾಗಿ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಪುಕ್ಕಟೆಯಾಯಿತು. ಹಳ್ಳಿಯ ಹೆಣ್ಣುಮಗಳು ತನ್ನ ಅರಿವೆ ತಾನೇ ಬಂದು ಆರಿಸುತ್ತಾಳೆ. ಗಂಡ ತಂದುಕೊಟ್ಟದ್ದನ್ನು ಉಡುವ ಕಾಲ ಹೋಯಿತು. ಆರಿಸಲು ಬಂದವಳಿಗೆ ಕೊಂಡಿಯ ಗೆರೆ ತೋರಿಸಿ, ಖರೇದು-ನಕಲಿ ತಿಳಿಸಿ ಹೇಳುವ ಅಂಗಡಿಗೆ ಅವಳು ಮತ್ತೆ ಬರುತ್ತಾಳೆ, ನೆರೆಮನೆಯವರನ್ನೂ ಕರೆದುಕೊಂಡು ಬರುತ್ತಾಳೆ.

ಮುಂದಿನ ಹಂಗಾಮು ದೂರವಿಲ್ಲ. ಮನೆಮನೆಯಲ್ಲಿ ಪೆನ್ನು ಹಿಡಿದು ಯಾದಿ ಬರೆಯಲು ಕೂಡುತ್ತಾರೆ. ಮೊದಲ ಸಾಲಿನಲ್ಲಿ ಪಂಚರ ಹೆಸರು, ಸಾವಕಾರರ ಹೆಸರು ಬರೆಯುವದು ರೂಢಿ. ಈ ಸಲ ಆ ಹೆಸರುಗಳನ್ನು ಒಂದು ಸಾಲು ಕೆಳಗಿಟ್ಟು, ಉಡಿ ಹಿಡಿಯುವ ಹೊತ್ತಿಗೆ ಒಳಗೆ ಸರಿಯುವ ದೊಡ್ಡವ್ವನ ಹೆಸರು ಮೊದಲು ಬರೆಯಲಿ. ಅವರ ಹೆಸರಿನ ಮುಂದೆ ಒಂದು ಒಳ್ಳೆಯ ಇಲಕಲ್ಲ ಸೀರೆ ಬರೆಯಲಿ. ಬಣ್ಣ ಯಾವುದು ಬೇಕೆಂದು ಅವರನ್ನೇ ಕೇಳಲಿ.